ಸುದ್ದಿಗೆ ₹83, ಪೆಟ್ರೋಲಿಗೆ ₹82: ತಾಲ್ಲೂಕು ವರದಿಗಾರರ ತಿಂಗಳ ಲೆಕ್ಕ

ದಾವಣಗೆರೆ ಜಿಲ್ಲೆಯ ಚನ್ನಗಿರಿಯಿಂದ ಸೂಳೆಕೆರೆಗೆ ಸುಮಾರು 20 ಕಿ.ಮೀ. ಹೋಗಿಬರಲು 40. ಬೈಕು ಲೀಟರಿಗೆ 50 ಕಿ.ಮೀ. ಕೊಡುತ್ತದೆ, ಪೆಟ್ರೋಲು ಲೀಟರಿಗೆ ₹103 ಎಂದು ಹಿಡಿದರೆ ಈ ಒಂದು ಓಡಾಟಕ್ಕೆ ₹82 ಬೇಕು. ಸುಮಾರು 6,500 ಎಕರೆಯ ಕೆರೆಯದು. ಒತ್ತುವರಿ, ಹೂಳು, ನಾಲೆಯ ಕೊನೆಯ ಹೊಲಕ್ಕೆ ನೀರು ಮುಟ್ಟದಿರುವುದು, ಯಾವುದನ್ನು ಬರೆಯಬೇಕಾದರೂ ಅಲ್ಲಿಗೆ ಹೋಗಿಯೇ ನೋಡಬೇಕು.

ಈಗ ಬರೆದವರ ಕೈಗೆ ಬರುವ ಮೊತ್ತ ನೋಡೋಣ. ತಾಲ್ಲೂಕು ಕೇಂದ್ರದಲ್ಲಿ ಕೆಲಸ ಶುರು ಮಾಡಿದ ಅರೆಕಾಲಿಕ ವರದಿಗಾರರಿಗೆ ತಿಂಗಳಿಗೆ ₹5,000 ಗೌರವಧನ, ತಿಂಗಳಿಗೆ ಅಚ್ಚಾಗುವ ಸುದ್ದಿ 60 ಎಂದಿಟ್ಟುಕೊಂಡರೆ ಸುದ್ದಿಯೊಂದಕ್ಕೆ ₹83. ಸೂಳೆಕೆರೆಯ ಸುದ್ದಿಗೆ ಪೆಟ್ರೋಲು ಕಳೆದು ಉಳಿಯುವುದು ಒಂದು ರೂಪಾಯಿ. ಅಧಿಕಾರಿ ಅಂದು ಸಿಗದೆ ಮರುದಿನ ಮತ್ತೆ ಹೋಗಬೇಕಾದರೆ ಕೈಯಿಂದ ₹81 ಹೋಗುತ್ತದೆ. ತಾಲ್ಲೂಕು ಕಚೇರಿಯ ಪ್ರಕಟಣೆಯೊಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದು, ನಾಲ್ಕು ಸಾಲು ತಿದ್ದಿ ಡೆಸ್ಕಿಗೆ ಕಳಿಸಿದರೂ ಅದೇ ₹83. ಅದಕ್ಕೆ ಬೈಕು ತೆಗೆಯುವ ಅಗತ್ಯವೇ ಇಲ್ಲ.

ಗೌರವಧನ, ಸುದ್ದಿಯ ಸಂಖ್ಯೆ, ಓಡಾಟದ ಸರಾಸರಿ ಇವೆಲ್ಲ ಲೆಕ್ಕಕ್ಕಾಗಿ ನಾನು ಹಿಡಿದ ಮೊತ್ತಗಳು, ಸಮೀಕ್ಷೆಯವಲ್ಲ. ಓದುವ ವರದಿಗಾರರು ತಮ್ಮ ಅಂಕಿ ಹಾಕಿಕೊಂಡು ನೋಡಬಹುದು. ಗೌರವಧನವೇ ಇಲ್ಲದೆ ಗುರುತಿನ ಚೀಟಿಯೊಂದರ ಮೇಲೆ ದುಡಿಯುವವರಿಗೆ ಈ ಲೆಕ್ಕ ಉದಾರವಾಗಿಯೇ ಕಾಣುತ್ತದೆ.

ತಿಂಗಳಿಗೆ 26 ದಿನದ ಕೆಲಸ, ದಿನಕ್ಕೆ ಸರಾಸರಿ 40 ಕಿ.ಮೀ. ಓಡಾಟವಿದ್ದರೆ ಒಟ್ಟು 1,040 ಕಿ.ಮೀ. ಪೆಟ್ರೋಲಿಗೆ ₹2,142. ಟೈರು, ಆಯಿಲ್, ಸರ್ವಿಸ್‌ಗೆ ಕಿ.ಮೀ.ಗೆ 75 ಪೈಸೆಯಂತೆ ₹780. ಮೊಬೈಲ್ ರೀಚಾರ್ಜ್ ₹350. ಊಟ ಬೇಡ, ಹೊರಗಿನ ಚಹಾ-ತಿಂಡಿಗೆ ಮಾತ್ರ ದಿನಕ್ಕೆ ₹40ರಂತೆ ₹1,040. ಒಟ್ಟು ₹4,312. ಐದು ಸಾವಿರದಲ್ಲಿ ಮನೆಗೆ ಒಯ್ಯಲು ಉಳಿಯುವುದು ₹688, ದಿನಕ್ಕೆ ₹26. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370 ಇತ್ತು. ಅದೇ 26 ದಿನ ಕೂಲಿಗೆ ಹೋದರೆ ₹9,620 ಆಗುತ್ತದೆ. ಖಾತ್ರಿ ಕೆಲಸದಲ್ಲಿ ಕೂಲಿ ಬಂದಿಲ್ಲವೆಂದು ಗ್ರಾಮ ಪಂಚಾಯ್ತಿ ಮುಂದೆ ಕೂತವರ ಸುದ್ದಿ ಬರೆಯುವ ಹುಡುಗನ ದಿನದ ಉಳಿಕೆ, ಆ ಕೂಲಿಯ ಹದಿನಾಲ್ಕರಲ್ಲಿ ಒಂದು ಪಾಲು.

ಕೆಲಸದ ಅವಧಿಗೂ ಕಾನೂನಿನಲ್ಲಿ ಅಂಕಿಯುಂಟು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ನಾಲ್ಕು ವಾರಕ್ಕೆ 144 ಗಂಟೆಯ ಮಿತಿ ಹಾಕಿತ್ತು. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಎಂದರೂ ನಾಲ್ಕು ವಾರಕ್ಕೆ 192 ಗಂಟೆ, ಮಿತಿಗಿಂತ 48 ಹೆಚ್ಚು. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿ ಹೊನ್ನಾಳಿಯ ಬಾಲರಾಜ್ ಘಾಟ್‌ನ ಮನೆಗಳವರನ್ನು ರಾತ್ರಿ ಕಾಳಜಿ ಕೇಂದ್ರಕ್ಕೆ ಸಾಗಿಸುವಾಗ ಎಂಟು ಗಂಟೆಯ ಲೆಕ್ಕ ಯಾರೂ ಇಡುವುದಿಲ್ಲ.

ಆ ಕಾಯ್ದೆಯ ರಕ್ಷಣೆ ಅರೆಕಾಲಿಕರಿಗೂ ಇತ್ತು, ಒಂದಕ್ಕಿಂತ ಹೆಚ್ಚು ಪತ್ರಿಕೆಗೆ ದುಡಿಯುವವರಿಗೂ ಇತ್ತು. ಷರತ್ತು ಒಂದೇ: ಪತ್ರಿಕಾವೃತ್ತಿಯೇ ಅವರ ಮುಖ್ಯ ಕಸುಬಾಗಿರಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಹಳೆಯ ಕಾಯ್ದೆಯ ಜಾಗಕ್ಕೆ ಬಂದಿವೆ. ಡಿಜಿಟಲ್ ಮಾಧ್ಯಮದವರನ್ನೂ ಒಳಗೆ ತಂದಿವೆ, ಮುಖ್ಯ ಕಸುಬಿನ ಷರತ್ತನ್ನು ಮಾತ್ರ ಉಳಿಸಿಕೊಂಡಿವೆ. ನನಗೆ ಎಲ್ಲಕ್ಕಿಂತ ಅನ್ಯಾಯವೆನಿಸುವುದು ಇಲ್ಲಿ. ₹688ರಲ್ಲಿ ಮನೆ ನಡೆಯದು. ಹಾಗಾಗಿ ಬರೆಯುವವರು ಜೆರಾಕ್ಸ್ ಅಂಗಡಿ ಇಡುತ್ತಾರೆ, ಎಲ್‌ಐಸಿ ಏಜೆನ್ಸಿ ಹಿಡಿಯುತ್ತಾರೆ, ಅಡಿಕೆ ತೋಟಕ್ಕೆ ಹೋಗುತ್ತಾರೆ. ಹಾಗೆ ಮಾಡಿದ ಕೂಡಲೇ ವರದಿಗಾರಿಕೆ ಅವರ ಮುಖ್ಯ ಕಸುಬಲ್ಲ ಎಂದು ವಾದಿಸಲು ದಾರಿಯಾಗುತ್ತದೆ. ಸಂಬಳ ಕಡಿಮೆಯಾದ್ದರಿಂದಲೇ ಸಂಬಳದ ಹಕ್ಕು ಕೈತಪ್ಪುತ್ತದೆ. ಪತ್ರಿಕಾ ನೌಕರರ ಸಂಬಳ ಕುರಿತ ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರ ನವೆಂಬರ್‌ನಲ್ಲಿ ಅಧಿಸೂಚನೆಯಾಯಿತು, 2014ರ ಫೆಬ್ರುವರಿ 7ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವರಮಾನ ನೋಡಿ ಪತ್ರಿಕೆಗಳನ್ನು ಎಂಟು ವರ್ಗ ಮಾಡಿದ ಆ ಶಿಫಾರಸು ವರ್ಷಕ್ಕೆ ₹1 ಕೋಟಿಗಿಂತ ಕಡಿಮೆ ವರಮಾನದ ಪತ್ರಿಕೆಯನ್ನೂ ಬಿಟ್ಟಿರಲಿಲ್ಲ. ನೇಮಕಾತಿ ಪತ್ರವೇ ಇಲ್ಲದವರು ಅದನ್ನು ಕೇಳುವುದು ಹೇಗೆ?

ಸಣ್ಣ ಪತ್ರಿಕೆಯ ಮಾಲೀಕರ ಕಷ್ಟವೂ ಸುಳ್ಳಲ್ಲ. ಎಂಟು ಪುಟದ ದೊಡ್ಡ ಅಳತೆಯ ಒಂದು ಪ್ರತಿಗೆ, ಚದರ ಮೀಟರಿಗೆ 45 ಗ್ರಾಂ ತೂಗುವ ನ್ಯೂಸ್‌ಪ್ರಿಂಟ್ ಸುಮಾರು 32 ಗ್ರಾಂ ಬೇಕು. 3,000 ಪ್ರತಿಗೆ 96 ಕೆ.ಜಿ. ಕೆ.ಜಿ.ಗೆ ₹55 ಎಂದರೆ ದಿನಕ್ಕೆ ಸುಮಾರು ₹5,280, ಅದೂ ಮಸಿ, ಪ್ಲೇಟು, ಕರೆಂಟು, ಬಂಡಲ್ ಸಾಗಿಸುವ ಖರ್ಚು ಬಿಟ್ಟು. ಆದರೆ ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ನೋಡಿ: ತಾಲ್ಲೂಕು ವರದಿಗಾರರ ಇಡೀ ತಿಂಗಳ ಗೌರವಧನ ಒಂದು ದಿನದ ಕಾಗದದ ಬಿಲ್ಲಿಗೂ ಸಾಲದು. ಕಾಗದದ ವ್ಯಾಪಾರಿಗೆ ಸಾಲ ಹೇಳಿದರೆ ಲೋಡು ಬರುವುದಿಲ್ಲ. ಸುದ್ದಿ ಮಾತ್ರ ಸಾಲ ಹೇಳಿದರೂ ಬರುತ್ತದೆ. ಹೀಗೆ ಹೊಸದಾಗಿ ಬಂದ ಹುಡುಗ ಹುಡುಗಿಯರ ಉಮೇದಿನಿಂದ ಪತ್ರಿಕೆಗಳು ಹಣ ಉಳಿಸಿಕೊಳ್ಳುತ್ತವೆ.

ವರದಿಗಾರರು ತಮ್ಮ ಆದಾಯದ ಕೊರತೆ ತುಂಬಿಕೊಳ್ಳುವ ದಾರಿ ಜಾಹೀರಾತಿನ ಕಮಿಷನ್. ಶೇ 15 ಸಿಕ್ಕರೂ ₹3,000 ಗಳಿಸಲು ₹20,000ದ ಜಾಹೀರಾತು ತರಬೇಕು. ಯುಗಾದಿ, ಗಣೇಶ ಹಬ್ಬ, ರಾಜ್ಯೋತ್ಸವ, ದೀಪಾವಳಿಗೆ ಟಾರ್ಗೆಟ್ ಬರುತ್ತದೆ. ಚನ್ನಗಿರಿಯಲ್ಲಾಗಲಿ ಜಗಳೂರಿನಲ್ಲಾಗಲಿ ಶುಭಾಶಯದ ಜಾಹೀರಾತು ಕೊಡಬಲ್ಲವರು ಯಾರು? ಗುತ್ತಿಗೆದಾರರು, ಸಹಕಾರ ಸಂಘದ ನಿರ್ದೇಶಕರು, ಟಿಕೆಟ್ ಆಕಾಂಕ್ಷಿಗಳು, ಖಾಸಗಿ ಶಾಲೆಗಳು. ಕಳಪೆ ರಸ್ತೆಯ ಬಗ್ಗೆ ಬರೆಯಬೇಕಾದಾಗ ಎದುರಾಗುವ ಹೆಸರುಗಳೂ ಬಹುಪಾಲು ಇವೇ. ಇಪ್ಪತ್ತೈದು ದಾಟದ ವರದಿಗಾರರ ಹೆಗಲಿಗೆ ಈ ಇಕ್ಕಟ್ಟನ್ನು ಹೊರಿಸಿ, ಆಮೇಲೆ ಪತ್ರಕರ್ತರ ನೈತಿಕತೆಯ ಮೇಲೆ ಉಪನ್ಯಾಸ ಏರ್ಪಡಿಸುವುದು ಸರಿಯಲ್ಲ.

ಓಡಾಟದ ಹೊರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕಿನಲ್ಲೂ ಒಂದೇ ಅಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾದ ಹೊಸ ತಾಲ್ಲೂಕು. ಒಬ್ಬರೇ ಎರಡನ್ನೂ ನೋಡಿಕೊಳ್ಳಬೇಕಾದರೆ ತಹಶೀಲ್ದಾರ್ ಕಚೇರಿ ಎರಡು, ತಾಲ್ಲೂಕು ಪಂಚಾಯ್ತಿ ಎರಡು. ಗೌರವಧನ ಒಂದೇ. ಅದರ ಮೇಲೆ ದೊಡ್ಡ ಪ್ರಕರಣವೂ ಬಂದು ಬೀಳಬಹುದು. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17.7 ಕೆ.ಜಿ. ಚಿನ್ನ ಕಳವಾಯಿತು. ಆರೋಪಿಗಳ ಬಂಧನ ಪ್ರಕಟವಾಗಿದ್ದು 2025ರ ಮಾರ್ಚ್ ಕೊನೆಗೆ, ಐದು ತಿಂಗಳ ಬಳಿಕ. ಇಂಥ ಪ್ರಕರಣದಲ್ಲಿ ಮೊದಲ ದಿನ, ಕೊನೆಯ ದಿನ ದೊಡ್ಡ ಊರಿನ ಕ್ಯಾಮೆರಾಗಳು ಬರುತ್ತವೆ. ಒಡವೆ ಅಡವಿಟ್ಟವರು ಬ್ಯಾಂಕಿನ ಬಾಗಿಲಿಗೆ ಬಂದು ಕೇಳುವ ನಡುವಿನ ತಿಂಗಳುಗಳಿಗೆ ಊರಿನ ವರದಿಗಾರರೇ ದಿಕ್ಕು.

ಜಗಳೂರಿನ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು. ಬರದ ಸೀಮೆಯೆಂದೇ ಹೆಸರಾದ ಈ ತಾಲ್ಲೂಕಿನ ಬಹುದಿನದ ಆಸೆ ತುಂಗಭದ್ರೆಯ ನೀರಿನಿಂದ 57 ಕೆರೆ ತುಂಬಿಸುವ ಯೋಜನೆ. ನೂರಾರು ಕೋಟಿ ರೂಪಾಯಿಯ ಕೆಲಸ. ಯಾವ ಕೆರೆಗೆ ನೀರು ಬಂತು, ಎಲ್ಲಿ ಪೈಪು ಒಡೆದಿದೆ, ಎಲ್ಲಿ ಕೋಡಿ ಬಿತ್ತು ಎಂಬುದನ್ನು ಒಮ್ಮೆ ಕಣ್ಣಾರೆ ಕಂಡು ಬರಲು ಕೆರೆಯೊಂದಕ್ಕೆ ಹೋಗಿಬರುವ ದಾರಿ ಸರಾಸರಿ 30 ಕಿ.ಮೀ. ಎಂದರೆ 1,710 ಕಿ.ಮೀ. ಪೆಟ್ರೋಲಿಗೇ ₹3,523. ಗೌರವಧನದ ಶೇ 70. ಸಾರ್ವಜನಿಕ ಹಣದ ಇಷ್ಟು ದೊಡ್ಡ ಕೆಲಸದ ಮೇಲೆ ಊರವರ ಪರವಾಗಿ ಒಂದು ಸುತ್ತು ಕಣ್ಣಾಡಿಸುವ ಬೆಲೆ ಇಷ್ಟೇ, ಆದರೆ ಅದನ್ನು ಕೊಡಬೇಕಾದವರು ಇಪ್ಪತ್ಮೂರರ ಹರೆಯದ ವರದಿಗಾರರು. ಅವರು ದಾರಿಯಲ್ಲಿ ಸಿಗುವ ಆರೇಳು ಕೆರೆ ನೋಡಿ ಬರೆದರೆ ಅದನ್ನು ಸೋಮಾರಿತನ ಎನ್ನಲಾರೆ.

ಗ್ರಾಮೀಣ ಪತ್ರಕರ್ತರಿಗೆ ಜಿಲ್ಲೆಯೊಳಗೆ ಉಚಿತ ಬಸ್‌ಪಾಸ್ ಕೊಡುವ ಸರ್ಕಾರದ ಯೋಜನೆ 2025ರಲ್ಲಿ ಶುರುವಾಗಿದೆ. ಒಳ್ಳೆಯದು. ಆದರೆ ಪಾಸು ನಡೆಯುವುದು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ. ಖಾಸಗಿ ಬಸ್ಸು ಮಾತ್ರ ಹೋಗುವ ಹಳ್ಳಿಗೆ, ಬೆಳಿಗ್ಗೆ ಒಂದು ಸಂಜೆ ಒಂದು ಬಸ್ಸಿರುವ ಊರಿಗೆ ಅದರಿಂದ ಉಪಯೋಗ ಕಡಿಮೆ.

ಪತ್ರಿಕೆಗಳೇ ಮಾಡಬಹುದಾದ ಕೆಲಸವೊಂದಿದೆ. ಗೌರವಧನದ ಹೊರತಾಗಿ ಕಿ.ಮೀ.ಗೆ ₹3 ಓಡಾಟದ ಭತ್ಯೆ. ನಾಲ್ಕು ತಾಲ್ಲೂಕಿಗೆ ನಾಲ್ವರು, ತಲಾ 1,000 ಕಿ.ಮೀ. ಎಂದರೆ ತಿಂಗಳಿಗೆ ₹12,000. 3,000 ಪ್ರತಿ ಅಚ್ಚಾಗುವ ಪತ್ರಿಕೆಗೆ ಇದು ಎರಡೂಕಾಲು ದಿನದ ಕಾಗದದ ಹಣ. ಹೋದ ಊರು, ಕಂಡವರು, ಓಡಿದ ದೂರ ಬರೆದ ಹಾಳೆಯೊಂದನ್ನು ವಾರಕ್ಕೊಮ್ಮೆ ಡೆಸ್ಕಿಗೆ ಕಳಿಸಿದರೆ ಸಾಕು. ಪ್ರಕಟಣೆ ನೋಡಿ ಬರೆದ ಸುದ್ದಿಗೆ ಭತ್ಯೆ ಇಲ್ಲ, ಜಾಹೀರಾತು ಕೇಳಲು ಹೋದ ದಾರಿಗೂ ಇಲ್ಲ.