ಮಂಡಿಯ ಲೆಕ್ಕಕ್ಕೆ ಇನ್ನೊಂದು ಪ್ರತಿ

ಕಚೇರಿಯ ಫೈಲ್ ಸರ್ವರ್‌ಗೆ ಬ್ಯಾಕಪ್ ಸಾಧನ ಕೊಳ್ಳುವ ಮುನ್ನ ಎರಡು ಲೆಕ್ಕ ಹಾಕಬೇಕು: ಕಡತಗಳು ಎಷ್ಟಿವೆ, ಎಷ್ಟು ವರ್ಷ ಉಳಿಯಬೇಕು. ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಬಿಲ್ಲು, ತೂಕದ ಚೀಟಿ, ರೈತರ ಪಟ್ಟಿ, ಸ್ಕ್ಯಾನ್ ಮಾಡಿಟ್ಟ ಕಾಗದಗಳೆಲ್ಲ ಸಾಧಾರಣವಾಗಿ ಒಂದು ಟೆರಾಬೈಟ್‌ನಲ್ಲಿ ಹಿಡಿಸುತ್ತವೆ. ಕಾಲಾವಧಿ ಮಾತ್ರ ದೊಡ್ಡದು. ಜಿಎಸ್‌ಟಿ ಕಾಯ್ದೆಯಂತೆ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಡಿಸ್ಕ್‌ಗಳಿಗೆ ಸಿಗುವ ವಾರಂಟಿ ಸಾಮಾನ್ಯವಾಗಿ 2ರಿಂದ 5 ವರ್ಷ. ಹಾಗಾಗಿ ನಡುವೆ ಒಮ್ಮೆಯಾದರೂ ಎಲ್ಲವನ್ನೂ ಹೊಸ ಡಿಸ್ಕ್‌ಗೆ ಇಳಿಸಿಕೊಳ್ಳುವ ಖರ್ಚನ್ನು ಮೊದಲೇ ಸೇರಿಸಿಕೊಳ್ಳುವುದು ಲೇಸು.

ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಕಾಣುವುದು ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೈಡ್ ಪೆಟ್ಟಿಗೆ. ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಬರ್ಕ್ಲಿಯ ಮೂವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ಒಂದೇ ಬರಹ ಎರಡು ಡಿಸ್ಕ್‌ಗೂ ಹೋಗುವ ವ್ಯವಸ್ಥೆಯಲ್ಲಿ ಒಂದು ಕೆಟ್ಟರೂ ಕೆಲಸ ನಿಲ್ಲದು. ಆದರೆ ಗುಮಾಸ್ತರ ಕೈತಪ್ಪಿ ಅಳಿಸಿಹೋದ ಕಡತ ಎರಡರಲ್ಲೂ ಆ ಕ್ಷಣವೇ ಅಳಿಯುತ್ತದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಎರಡಕ್ಕೂ ಬೀಗ ಹಾಕುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ವಿದ್ಯುತ್ ತಂತಿಗೆ ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಸುಡಬಹುದು. ರೈಡ್ ಇದ್ದರೆ ಒಳ್ಳೆಯದೇ, ಆದರೆ ಅದನ್ನು ಬ್ಯಾಕಪ್ ಎಂದು ಎಣಿಸಬಾರದು.

ಬ್ಯಾಕಪ್ ಪ್ರತಿ ಸರ್ವರ್‌ನಿಂದ ಕಳಚಿ ಬೇರೆಡೆ ಇರಬೇಕು. ಅದಕ್ಕೆ ಟೇಪ್ ಹಳೆಯ, ನಂಬಿಕೆಯ ದಾರಿ: 2000ದಲ್ಲಿ 100 ಗಿಗಾಬೈಟ್ ಹಿಡಿಸುತ್ತಿದ್ದ ಎಲ್‌ಟಿಒ ಟೇಪು ಒಂಬತ್ತನೇ ಪೀಳಿಗೆಯಲ್ಲಿ 18 ಟೆರಾಬೈಟ್ ಹಿಡಿಸುತ್ತದೆ. ಟೇಪು ಅಗ್ಗ, ಓದುವ ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ. ಮಂಡಿಗೆ ಅದು ಬೇಡ. ಎಸ್‌ಎಸ್‌ಡಿ ವೇಗದ್ದು, ಆದರೆ ಅದರಲ್ಲಿ ಮಾಹಿತಿ ನಿಲ್ಲುವುದು ವಿದ್ಯುದಾವೇಶವಾಗಿ. ಬಳಸಿ ಸವೆದ ಎಸ್‌ಎಸ್‌ಡಿಯನ್ನು ವಿದ್ಯುತ್ ಕೊಡದೆ ಸೆಖೆಯಲ್ಲಿ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಆವೇಶ ಸೋರಿ ಬರಹ ಮಾಸಬಹುದು.

ಉಳಿದದ್ದು ಸಾಮಾನ್ಯ ಹಾರ್ಡ್ ಡಿಸ್ಕ್. ಇದರಲ್ಲೂ ಎರಡು ಬಗೆ. ಎಸ್‌ಎಮ್‌ಆರ್ ಬಗೆಯಲ್ಲಿ ಬರಹದ ಸಾಲುಗಳು ಮಾಡಿನ ಹೆಂಚುಗಳಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು, ಆದ್ದರಿಂದ ದಿನವೂ ತಿದ್ದುವ ಬ್ಯಾಕಪ್ ನಿಧಾನವಾಗುತ್ತದೆ. ಸಿಎಮ್‌ಆರ್ ಬಗೆಯಲ್ಲಿ ಈ ತೊಡಕಿಲ್ಲ. ಜೇಬಿನ ಗಾತ್ರದ ಡಿಸ್ಕ್‌ಗಳಲ್ಲಿ ಎಸ್‌ಎಮ್‌ಆರ್ ಹೆಚ್ಚು, 3.5 ಅಂಗುಲದವುಗಳಲ್ಲಿ ಸಿಎಮ್‌ಆರ್ ಸುಲಭವಾಗಿ ಸಿಗುತ್ತದೆ. ಕೊಳ್ಳುವಾಗ ವಿವರಪಟ್ಟಿ ನೋಡಬೇಕು. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಒಂದು ಟೆರಾಬೈಟ್ ನಕಲಾಗಲು ಸುಮಾರು ಮೂರು ಗಂಟೆ ಸಾಕು, ಸಣ್ಣ ಕಡತಗಳು ಹೆಚ್ಚಿದ್ದರೆ ಇನ್ನಷ್ಟು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮಂಡಿಗಾಗಲಿ ಸಹಕಾರ ಸಂಘಕ್ಕಾಗಲಿ ಒಂದು ದುಬಾರಿ ಪೆಟ್ಟಿಗೆಗಿಂತ ಸಾಧಾರಣ ಡಿಸ್ಕ್‌ಗಳೆರಡು ಮೇಲು. ಹಳೆಯ ಆವೃತ್ತಿಗಳಿಗೂ ಜಾಗ ಬೇಕಾದ್ದರಿಂದ ಪ್ರತಿಯೊಂದೂ ಕಡತಗಳ ಎರಡು ಮೂರು ಪಟ್ಟು ದೊಡ್ಡದಿರಲಿ. ಈ ವಾರ ಒಂದು ಕಚೇರಿಯಲ್ಲಿ, ಇನ್ನೊಂದು ಮಾಲೀಕರ ಮನೆಯಲ್ಲಿ. ಮುಂದಿನ ವಾರ ಅದಲುಬದಲು. ತೆಂಗಿನ ನಾರಿನ ಧೂಳು ಸರ್ವರ್‌ನ ಫ್ಯಾನಿಗೆ ಕಟ್ಟಿಕೊಳ್ಳುವುದರಿಂದ ಕೊಬ್ಬರಿ ಸುಲಿಯುವ ಜಾಗದ ಬಳಿ ಸರ್ವರನ್ನಾಗಲಿ ಡಿಸ್ಕ್‌ಗಳನ್ನಾಗಲಿ ಇಡಬಾರದು. ಯುಪಿಎಸ್ ಇಲ್ಲದೆ ನಕಲು ಶುರುಮಾಡಬಾರದು. ತಿಂಗಳಿಗೊಮ್ಮೆ ಒಂದೆರಡು ಕಡತಗಳನ್ನು ಬ್ಯಾಕಪ್‌ನಿಂದ ತೆಗೆದು, ತೆರೆದು ನೋಡಬೇಕು. ಮನೆಗೆ ಹೋಗುವ ಡಿಸ್ಕ್‌ನಲ್ಲಿ ರೈತರ ಬ್ಯಾಂಕ್ ಖಾತೆ ಸಂಖ್ಯೆಗಳೂ ಇರುವುದರಿಂದ ಅದನ್ನು ಗೂಢಲಿಪೀಕರಿಸಿ, ಪಾಸ್‌ವರ್ಡನ್ನು ಬೇರೆ ಕಡೆ ಬರೆದಿಡುವುದು ಅಗತ್ಯ.