ಚುಕ್ಕಾಣಿಯಿಂದ ಶಾಸನಸಭೆಗೆ: ರಾಬರ್ಟ್ ಸ್ಮಾಲ್ಸನ ಚರಿತ್ರೆ

ಶೌರ್ಯವೆಂಬುದು ರಣರಂಗದಲ್ಲಿ ಮಾತ್ರ ಕಾಣಿಸಿಕೊಳ್ಳತಕ್ಕ ಗುಣವೆಂದು ನಾವು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಒಂದು ರಾತ್ರಿಯ ಸಾಹಸದಿಂದ ಸಂಪಾದಿಸಿದ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವುದಕ್ಕೆ ಒಂದು ಆಯುಷ್ಯದ ದುಡಿಮೆಯು ಬೇಕಾಗುತ್ತದೆ. ಅಷ್ಟಾದರೂ ಅದು ಕೈತಪ್ಪಿ ಹೋಗಬಹುದು. ಅಮೇರಿಕಾ ದೇಶದ ರಾಬರ್ಟ್ ಸ್ಮಾಲ್ಸನ ಜೀವನವು ಇದಕ್ಕೆ ನಿದರ್ಶನವಾಗಿದೆ. ಗುಲಾಮನಾಗಿ ಹುಟ್ಟಿ, ಯುದ್ಧನೌಕೆಗಳನ್ನು ನಡೆಸಿ, ಕಡೆಗೆ ತನ್ನ ಸಂಸ್ಥಾನದ ಶಾಸನಸಭೆಯಲ್ಲಿ ಸದಸ್ಯನಾಗಿ ಕುಳಿತ ಈತನ ವೃತ್ತಾಂತವು ಮನೆಮಂದಿಯೆಲ್ಲರೂ ಕೇಳತಕ್ಕದ್ದು.

ಸ್ಮಾಲ್ಸನು 1839ನೆಯ ಇಸವಿ ಏಪ್ರಿಲ್ 5ರಂದು ದಕ್ಷಿಣ ಕೆರೊಲಿನಾ ಸಂಸ್ಥಾನದ ಬ್ಯೂಫರ್ಟ್ ಎಂಬ ಊರಿನಲ್ಲಿ, ಒಡೆಯನ ಮನೆಯ ಹಿತ್ತಲಿನ ಗುಡಿಸಲಿನಲ್ಲಿ ಜನಿಸಿದನು. ತಾಯಿ ಲಿಡಿಯಾ ಆ ಮನೆಯ ದಾಸಿ. ಅಲ್ಲಿಯ ಕಾನೂನಿನಂತೆ ದಾಸಿಯ ಮಗುವು ಒಡೆಯನ ಸ್ವತ್ತು. ಗುಲಾಮರಿಗೆ ಓದು ಕಲಿಸುವುದನ್ನು ಆ ಸಂಸ್ಥಾನವು 1834ರಲ್ಲಿಯೇ ದಂಡನಾರ್ಹವಾದ ಅಪರಾಧವೆಂದು ವಿಧಿಸಿದ್ದಿತು. ವಾಚಕರು ಈ ಶಾಸನವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಮಾತು ಮತ್ತೆ ಬರುವುದು.

ಹನ್ನೆರಡು ವರ್ಷದ ಬಾಲಕನನ್ನು ಒಡೆಯನು ಚಾರ್ಲ್ಸ್‌ಟನ್ ಪಟ್ಟಣಕ್ಕೆ ಕೂಲಿಗೆ ಕಳುಹಿಸಿದನು. ದುಡಿದ ಹಣದಲ್ಲಿ ಹುಡುಗನಿಗೆ ಉಳಿಯುತ್ತಿದ್ದುದು ವಾರಕ್ಕೆ ಒಂದು ಡಾಲರು, ಮಿಕ್ಕಿದ್ದೆಲ್ಲವೂ ಒಡೆಯನಿಗೆ. ಬಂದರಿನಲ್ಲಿ ದುಡಿಯುತ್ತ ಆತನು ಆ ಕಡಲಿನ ದಿಬ್ಬ, ಸುಳಿ, ಕಾಲುವೆಗಳನ್ನೆಲ್ಲ ಬಾಯಿಪಾಠದಂತೆ ಕಲಿತನು. ಹ್ಯಾನ್ನಾ ಎಂಬ ದಾಸಿಯನ್ನು ವಿವಾಹವಾದನು. ಹೆಂಡತಿಯೂ ಮಗಳೂ ಬೇರೆಯವರ ಸ್ವತ್ತು. ಅವರನ್ನು ಬಿಡಿಸಿಕೊಳ್ಳಲು ಕೇಳಿದ ಬೆಲೆ 800 ಡಾಲರು. ಕೂಡಿಡುವಷ್ಟರಲ್ಲಿ ಅವರನ್ನು ದೂರದೇಶಕ್ಕೆ ಮಾರಿಬಿಟ್ಟರೆ ಗತಿಯೇನು? ಈ ಭಯವೇ ಆತನ ಸಾಹಸಕ್ಕೆ ಮೂಲವಾಯಿತು.

1861ರಲ್ಲಿ ಅಮೇರಿಕಾದ ಅಂತರ್ಯುದ್ಧವು ಆರಂಭವಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ದಕ್ಷಿಣದ ಸಂಸ್ಥಾನಗಳು ಒಕ್ಕೂಟದಿಂದ ಬೇರೆಯಾಗಿ ಯುದ್ಧಕ್ಕೆ ನಿಂತಿದ್ದವು. ಅವರ ದಂಡಿಗೆ ಸಾಮಾನು ಸಾಗಿಸುತ್ತಿದ್ದ 'ಪ್ಲಾಂಟರ್' ಎಂಬ ಉಗಿಹಡಗಿಗೆ ಸ್ಮಾಲ್ಸನು ಚುಕ್ಕಾಣಿಗನಾಗಿದ್ದನು. ಹೊರಗೆ ಸಮುದ್ರದಲ್ಲಿ ಉತ್ತರದವರ ನೌಕೆಗಳು ಬಂದರಿಗೆ ಮುತ್ತಿಗೆ ಹಾಕಿ ನಿಂತಿದ್ದವು.

1862ನೆಯ ಮೇ 12ರ ರಾತ್ರಿ ಬಿಳಿಯ ಅಧಿಕಾರಿಗಳು ಅಪ್ಪಣೆಯನ್ನು ಮೀರಿ ದಡದಲ್ಲಿ ಮಲಗಲು ಹೋದರು. ಬೆಳಗಿನ ಮೂರು ಗಂಟೆಯ ಸುಮಾರಿಗೆ ಸ್ಮಾಲ್ಸನೂ ಜೊತೆಯ ಗುಲಾಮ ನಾವಿಕರೂ ಹಡಗನ್ನು ಹೊರಡಿಸಿದರು. ಬೇರೊಂದು ಕಟ್ಟೆಯಲ್ಲಿ ಅಡಗಿದ್ದ ಹೆಂಗಸರನ್ನೂ ಮಕ್ಕಳನ್ನೂ ಹತ್ತಿಸಿಕೊಂಡರು. ಒಟ್ಟು 16 ಮಂದಿ. ಸಿಕ್ಕಿಬೀಳುವ ಪ್ರಸಂಗ ಬಂದರೆ ಹಡಗನ್ನು ಮುಳುಗಿಸಿ, ಅದೂ ಆಗದಿದ್ದರೆ ಕೈ ಕೈ ಹಿಡಿದು ನೀರಿಗೆ ಧುಮುಕುವುದೆಂದು ಮೊದಲೇ ನಿಶ್ಚಯಿಸಿದ್ದರು. ಸ್ಮಾಲ್ಸನು ಕಪ್ತಾನನ ಹುಲ್ಲುಟೋಪಿಯನ್ನು ಧರಿಸಿ, ಆತನ ನಿಲುವನ್ನೇ ಅನುಕರಿಸಿ ನಿಂತನು. ಸಮ್ಟರ್ ಕೋಟೆಯ ಫಿರಂಗಿಗಳ ಕೆಳಗೆ ಹಾದುಹೋಗುವಾಗ ಕ್ರಮದ ಪ್ರಕಾರ ಸಿಳ್ಳಿನ ಸಂಕೇತವನ್ನು ಕೊಟ್ಟನು; ಕಾವಲಿನವರು ಹೋಗಗೊಟ್ಟರು. ಹೊರಸಮುದ್ರದಲ್ಲಿ ಉತ್ತರದವರ 'ಆನ್‌ವರ್ಡ್' ನೌಕೆಯು ಗುಂಡು ಹಾರಿಸಲು ಸಿದ್ಧವಾಗಿರುವಾಗ, ಬಾವುಟವನ್ನು ಇಳಿಸಿ ಹಾಸಿಗೆಯ ಬಿಳಿಯ ಹೊದಿಕೆಯನ್ನು ಏರಿಸಿದರು. ಇಪ್ಪತ್ತಮೂರರ ಪ್ರಾಯದ ಚುಕ್ಕಾಣಿಗನು ಹಡಗನ್ನೂ ಅದರಲ್ಲಿದ್ದ ಫಿರಂಗಿಗಳನ್ನೂ ಉತ್ತರದವರಿಗೆ ಒಪ್ಪಿಸಿದನು. ಸರಕಾರವು ಆತನಿಗೆ 1,500 ಡಾಲರ್ ಇನಾಮು ಕೊಟ್ಟಿತು.

ಆತನು ಅಷ್ಟಕ್ಕೆ ತೃಪ್ತನಾಗಲಿಲ್ಲ. 1863ನೆಯ ಏಪ್ರಿಲ್ 7ರಂದು ಚಾರ್ಲ್ಸ್‌ಟನ್ನಿನ ಮೇಲೆ ನಡೆದ ದಾಳಿಯಲ್ಲಿ 'ಕಿಯೋಕಕ್' ಎಂಬ ಉಕ್ಕಿನ ಕವಚದ ನೌಕೆಯನ್ನು ನಡೆಸಿದನು. ಅದಕ್ಕೆ 90ಕ್ಕೂ ಹೆಚ್ಚು ಗುಂಡುಗಳು ತಗುಲಿ ಮರುದಿನ ಬೆಳಿಗ್ಗೆ ಅದು ಮುಳುಗಿತು. ಅದೇ ವರ್ಷದ ಕೊನೆಯಲ್ಲಿ 'ಪ್ಲಾಂಟರ್' ಗುಂಡಿನ ಮಳೆಗೆ ಸಿಕ್ಕಿದಾಗ ಅದರ ಕಪ್ತಾನನು ಹೆದರಿ ಕಲ್ಲಿದ್ದಲಿನ ಕೋಣೆಯಲ್ಲಿ ಅವಿತುಕೊಂಡನು. ಸ್ಮಾಲ್ಸನು ಹಡಗನ್ನು ಪಾರುಮಾಡಿದನು. ಅಂದಿನಿಂದ ಅದರ ಕಪ್ತಾನಗಿರಿಯು ಆತನಿಗೆ ದೊರೆಯಿತು. 1864ರಲ್ಲಿ ಹಡಗಿನ ದುರಸ್ತಿಗಾಗಿ ಫಿಲಡೆಲ್ಫಿಯಾದಲ್ಲಿ ತಂಗಿದ್ದಾಗ ಆತನು ಓದು ಬರಹವನ್ನು ಕಲಿತನು. ಅದೇ ಊರಿನ ಟ್ರಾಮುಗಾಡಿಯಿಂದ ಕರಿಯನೆಂಬ ಕಾರಣಕ್ಕೆ ಅವನನ್ನು ಇಳಿಸಿದರು. ಯುದ್ಧದಲ್ಲಿ ಗೆದ್ದ ಮಾತ್ರಕ್ಕೆ ಸ್ವಾತಂತ್ರ್ಯವು ಪೂರ್ಣವಾಗುವುದಿಲ್ಲವೆಂಬ ಪಾಠವೂ ಅಲ್ಲಿಯೇ ಆಯಿತು.

ತೆರಿಗೆ ಬಾಕಿಗಾಗಿ ಸರಕಾರವು ಹರಾಜು ಹಾಕಿದಾಗ, ಒಂದು ಕಾಲದಲ್ಲಿ ತನ್ನ ಒಡೆಯನಿಗೆ ಸೇರಿದ್ದ ಆ ಬ್ಯೂಫರ್ಟಿನ ಮನೆಯನ್ನೇ ಸ್ಮಾಲ್ಸನು ಕೊಂಡನು. ಯಾವ ಮನೆಯಲ್ಲಿ ತಾಯಿ ದಾಸಿಯಾಗಿದ್ದಳೋ ಅದೇ ಮನೆಯಲ್ಲಿ ಆಕೆ ಯಜಮಾನನ ತಾಯಿಯಾಗಿ ಬಾಳಿದಳು.

1868ರಲ್ಲಿ ಸಂಸ್ಥಾನಕ್ಕೆ ಹೊಸ ರಾಜ್ಯಾಂಗವನ್ನು ರಚಿಸುವ ಸಭೆಯು ಸೇರಿತು. ಸೇರಿದ ಸ್ಥಳ ಚಾರ್ಲ್ಸ್‌ಟನ್! ಆರು ವರ್ಷಗಳ ಹಿಂದೆ ಇರುಳಿನಲ್ಲಿ ತಪ್ಪಿಸಿಕೊಂಡು ಹೋದ ಊರಿಗೆ ಸ್ಮಾಲ್ಸನು ಪ್ರತಿನಿಧಿಯಾಗಿ ಹಗಲಿನಲ್ಲಿ ಬಂದನು. ಎಲ್ಲ ಮಕ್ಕಳಿಗೂ ಶುಲ್ಕವಿಲ್ಲದ, ಕಡ್ಡಾಯವಾದ ಶಾಲೆಗಳು ಬೇಕೆಂದು ಆತನು ಸಭೆಯ ಮುಂದೆ ಸೂಚನೆಯನ್ನಿಟ್ಟನು. ಓದು ಕಲಿಸುವುದೇ ಅಪರಾಧವಾಗಿದ್ದ ನಾಡಿನಲ್ಲಿ ಇದಕ್ಕಿಂತ ದೊಡ್ಡ ಕ್ರಾಂತಿಯುಂಟೇ? ಅನಂತರ ಆತನು ಸಂಸ್ಥಾನದ ಕೆಳಮನೆಗೂ, 1870ರಲ್ಲಿ ಮೇಲ್ಮನೆಗೂ ಚುನಾಯಿತನಾದನು. 1875ರಿಂದ 1887ರವರೆಗೆ ನಡುನಡುವೆ ಬಿಡುವಾದರೂ ದೇಶದ ಕಾಂಗ್ರೆಸ್ಸಿನಲ್ಲಿಯೂ ಕುಳಿತನು.

ಕಳಂಕದ ಮಾತನ್ನೂ ಮರೆಮಾಚಬಾರದು. 1877ರಲ್ಲಿ, ಸಂಸ್ಥಾನದ ಅಧಿಕಾರವು ವಿರೋಧ ಪಕ್ಷದವರ ಕೈಗೆ ಹೋದಮೇಲೆ, ಮೇಲ್ಮನೆಯಲ್ಲಿದ್ದಾಗ 5,000 ಡಾಲರ್ ಲಂಚ ತೆಗೆದುಕೊಂಡನೆಂದು ಆತನಿಗೆ ಶಿಕ್ಷೆ ವಿಧಿಸಲ್ಪಟ್ಟಿತು. ತಾನು ನಿರಪರಾಧಿಯೆಂದೇ ಆತನು ಹೇಳುತ್ತಿದ್ದನು. 1879ರಲ್ಲಿ ಅದೇ ಪಕ್ಷದ ಗವರ್ನರು ಆತನಿಗೆ ಕ್ಷಮಾದಾನವಿತ್ತನು.

ಆತನ ಕೊನೆಯ ಹೋರಾಟವು ನಡೆದುದು 1895ರಲ್ಲಿ. ಕರಿಯರ ಮತದಾನದ ಹಕ್ಕನ್ನು ಕಿತ್ತುಕೊಳ್ಳುವುದಕ್ಕಾಗಿಯೇ ಮತ್ತೊಂದು ರಾಜ್ಯಾಂಗ ಸಭೆಯು ಸೇರಿತು. 160 ಪ್ರತಿನಿಧಿಗಳಲ್ಲಿ ಕರಿಯರು ಆರೇ ಮಂದಿ. ಮತ ಹಾಕಬೇಕೆನ್ನುವವನು ರಾಜ್ಯಾಂಗವನ್ನು ಓದಿ ತೋರಿಸಬೇಕು, ಇಲ್ಲವೆ 300 ಡಾಲರ್ ಬೆಲೆಯ ಆಸ್ತಿಯನ್ನು ಹೊಂದಿರಬೇಕು, ಎಂಬುದು ಅವರ ಉಪಾಯ. 1834ರ ಶಾಸನವನ್ನು ವಾಚಕರು ಈಗ ಸ್ಮರಿಸಿಕೊಳ್ಳಲಿ. ತಂದೆಗೆ ಅಕ್ಷರ ಕಲಿಸಿದರೆ ದಂಡ. ಮಗನಿಗೆ ಅಕ್ಷರ ಬಾರದಿದ್ದರೆ ಮತವಿಲ್ಲ! ತನ್ನ ಜನಕ್ಕೆ ವಿಶೇಷ ರಕ್ಷಣೆ ಬೇಡ, ಬಾಳಿನ ಹೋರಾಟದಲ್ಲಿ ಸಮಾನ ಅವಕಾಶವೊಂದು ಸಾಕೆಂದು ಸ್ಮಾಲ್ಸನು ವಾದಿಸಿದನು. ವಾದವು ಗೆಲ್ಲಲಿಲ್ಲ. ಆ ರಾಜ್ಯಾಂಗಕ್ಕೆ ರುಜು ಹಾಕಲು ಆತನು ಒಪ್ಪಲಿಲ್ಲ.

1915ನೆಯ ಫೆಬ್ರವರಿ 23ರಂದು ಬ್ಯೂಫರ್ಟಿನ ಅದೇ ಮನೆಯಲ್ಲಿ ಸ್ಮಾಲ್ಸನು ಕಾಲವಾದನು. ಆತನ ಜನಕ್ಕೆ ಮತದಾನದ ಹಕ್ಕು ಭದ್ರವಾಗಲು 1965ರ ಶಾಸನವು ಬರಬೇಕಾಯಿತು. 2023ರಲ್ಲಿ ಅಮೇರಿಕಾದ ನೌಕಾಪಡೆಯು ತನ್ನ ಒಂದು ಯುದ್ಧನೌಕೆಗೆ ಆತನ ಹೆಸರನ್ನಿಟ್ಟಿತು. ನೌಕೆಗೆ ಹೆಸರಿಟ್ಟುದು ಉಚಿತವೇ ಸರಿ. ಆದರೆ ಹಡಗಿನ ಕಥೆಯನ್ನು ಮಕ್ಕಳಿಗೆ ಹೇಳುವ ತಾಯಿತಂದೆಗಳು ಶಾಲೆಯ ಕಥೆಯನ್ನೂ ಜೊತೆಗೆ ಹೇಳಲಿ. ಒಂದು ರಾತ್ರಿಯಲ್ಲಿ ಆತನು ಬಿಡಿಸಿದುದು ಹದಿನಾರು ಜನರನ್ನು. ಶಾಲೆಯ ಬಾಗಿಲನ್ನು ತೆರೆಯಿಸಲು ದುಡಿದುದು ತಲೆತಲಾಂತರದ ಮಕ್ಕಳಿಗಾಗಿ.