ವಾಟರ್ ಪಂಪಿನ ತೂತು ಮುಚ್ಚಬೇಡಿ

ಕಾರಿನ ವಾಟರ್ ಪಂಪನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದರೆ ಪುಲ್ಲಿಯ ಹಿಂಬದಿಯಲ್ಲಿ, ಲೋಹದ ಮೈಯ ತಳಭಾಗದಲ್ಲಿ, ಒಂದು ಸಣ್ಣ ತೂತು ಕಾಣುತ್ತದೆ. ಅದು ಎರಕದ ದೋಷವಲ್ಲ, ಬೇಕೆಂದೇ ಬಿಟ್ಟದ್ದು. ಅಲ್ಲಿಂದ ಹಸಿರೋ ಕೆಂಪೋ ಬಣ್ಣದ ನೀರು ಹನಿಯತೊಡಗಿದಾಗ ಕೆಲವರು ಎಂ-ಸೀಲ್ ಮೆತ್ತಿ ಮುಚ್ಚಿಬಿಡುತ್ತಾರೆ. ಹೊರಗಿನ ಸೋರಿಕೆ ನಿಲ್ಲುತ್ತದೆ. ಒಳಗೆ ನಿಂತ ನೀರು ಬೇರಿಂಗಿನ ಗ್ರೀಸನ್ನು ತೊಳೆದುಹಾಕತೊಡಗುತ್ತದೆ.

ಈ ಪಂಪಿನ ಮೇಲಿರುವ ಹೊರೆ ಸಣ್ಣದಲ್ಲ. ಸಿಲಿಂಡರಿನೊಳಗೆ ಇಂಧನ ಉರಿಯುವ ಗಳಿಗೆಯಲ್ಲಿ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಂದಿನ ಬಹುತೇಕ ಕಾರುಗಳ ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿಹೋಗುತ್ತದೆ. ಸುಟ್ಟ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ತಂಪುಗೊಳಿಸುವ ನೀರಿಗೆ ಸೇರುತ್ತದೆ. ಅಷ್ಟು ಶಾಖವನ್ನು ಹೊತ್ತ ನೀರನ್ನು ರೇಡಿಯೇಟರಿಗೆ ತಳ್ಳಿ, ಆರಿದ ನೀರನ್ನು ಮತ್ತೆ ಎಂಜಿನ್ನಿಗೆ ತರುವುದು ಪಂಪಿನ ಕೆಲಸ.

ಪಂಪಿಲ್ಲದೆಯೂ ಕಾರು ಓಡಿದ್ದುಂಟು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಯ ಮೊದಲ 2,500ರಷ್ಟು ಕಾರುಗಳಿಗೆ ಪಂಪಿತ್ತು. ಆಮೇಲೆ ಕಂಪನಿ ಅದನ್ನು ಕೈಬಿಟ್ಟಿತು. ಕಾದ ನೀರು ಹಗುರಾಗಿ ಮೇಲೇರುತ್ತದೆ, ರೇಡಿಯೇಟರಿನಲ್ಲಿ ಆರಿ ಕೆಳಗಿಳಿಯುತ್ತದೆ. ಇಪ್ಪತ್ತು ಅಶ್ವಶಕ್ತಿಯ ಎಂಜಿನ್ನಿಗೆ ಆ ಸಹಜ ಸುತ್ತಾಟವೇ ಸಾಕಾಯಿತು. ಅದರ ನಾಲ್ಕೈದು ಪಟ್ಟು ಶಕ್ತಿಯನ್ನು ಇಕ್ಕಟ್ಟಾದ ಜಾಗದಲ್ಲಿ ಉತ್ಪಾದಿಸುವ ಈಗಿನ ಎಂಜಿನ್ನುಗಳಿಗೆ ಅದು ಏನೇನೂ ಸಾಲದು.

ಪಂಪಿನ ಹೃದಯ ಇಂಪೆಲ್ಲರ್ ಎಂಬ ರೆಕ್ಕೆಚಕ್ರ. ಮಳೆಯಲ್ಲಿ ನೆನೆದ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ಹನಿಗಳು ಅಂಚಿಗೆ ಓಡಿ ಸಿಡಿಯುತ್ತವಲ್ಲ, ಹಾಗೆ ನಡುವಿಗೆ ಬಂದ ನೀರನ್ನು ಅದು ಅಂಚಿಗೆ ಎಸೆಯುತ್ತದೆ. ಸುತ್ತಲಿನ ಕವಚ ಆ ರಭಸವನ್ನು ಒತ್ತಡವಾಗಿ ಮಾರ್ಪಡಿಸುತ್ತದೆ. ರೆಕ್ಕೆಯ ಆಕಾರಕ್ಕೆ ಎಷ್ಟು ಬೆಲೆಯಿದೆ ಎಂಬುದು 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಜಾನ್ ಆ್ಯಪೋಲ್ಡ್ ತಂದಿಟ್ಟ ಪಂಪಿನಿಂದ ಜಗತ್ತಿಗೆ ತಿಳಿಯಿತು. ಅವನ ಬಾಗಿದ ರೆಕ್ಕೆಗಳ ದಕ್ಷತೆ ಶೇ. 68, ನೇರ ರೆಕ್ಕೆಗಳದು ಶೇ. 24 ಮಾತ್ರ. ಅದಕ್ಕೇ ರೆಕ್ಕೆಗಳು ತುಕ್ಕಿಗೆ ಸವೆದು ಗಿಡ್ಡವಾದ ಪಂಪು ಒಂದು ಹನಿಯೂ ಸೋರದೆ, ಸದ್ದೂ ಮಾಡದೆ, ಎಂಜಿನ್ನನ್ನು ಕಾಯಿಸಬಲ್ಲದು. ಪ್ಲಾಸ್ಟಿಕ್ ಇಂಪೆಲ್ಲರುಗಳಲ್ಲಿ ಇನ್ನೊಂದು ಬಗೆಯ ಕಾಯಿಲೆ: ಚಕ್ರ ಸೀಳಿ ಶಾಫ್ಟಿನ ಮೇಲೆ ಸಡಿಲಾಗುತ್ತದೆ, ಶಾಫ್ಟ್ ಸುತ್ತುತ್ತಿದ್ದರೂ ರೆಕ್ಕೆ ನಿಂತಲ್ಲೇ ಇರುತ್ತದೆ.

ಇಡೀ ಪಂಪಿನಲ್ಲಿ ಅತಿ ಸೂಕ್ಷ್ಮವಾದದ್ದು ಸೀಲು. ಶಾಫ್ಟಿನ ಒಂದು ತುದಿಗೆ ಬೆಲ್ಟಿನ ಪುಲ್ಲಿ, ಇನ್ನೊಂದು ತುದಿ ಕುದಿಬಿಸಿ ನೀರಿನಲ್ಲಿ. ನಡುವೆ ಒಂದು ಕಾರ್ಬನ್ ಬಳೆ, ಒಂದು ಸೆರಾಮಿಕ್ ಬಳೆ, ಎರಡನ್ನೂ ಒಂದಕ್ಕೊಂದು ಒತ್ತಿಹಿಡಿಯುವ ಸ್ಪ್ರಿಂಗು. ಒಂದು ತಿರುಗುತ್ತದೆ, ಇನ್ನೊಂದು ನಿಂತಿರುತ್ತದೆ. ಉಜ್ಜಾಟದಲ್ಲಿ ಅವು ಸುಟ್ಟುಹೋಗದಂತೆ ಕಾಯುವುದು ಕೂಲೆಂಟಿನದೇ ತೆಳು ಪದರ. ಆ ಪದರದಿಂದ ಒಂದಿಷ್ಟು ಆವಿ ಹೊರಬೀಳುವುದು ಸಹಜ. ತೂತಿನ ಬಾಯಲ್ಲಿ ಒಣಗಿದ ಸಣ್ಣ ಕಲೆ ಕಂಡರೆ ಗಾಬರಿ ಬೇಡ. ಹನಿ ಹನಿಯಾಗಿ ತೊಟ್ಟಿಕ್ಕತೊಡಗಿದರೆ ಮಾತ್ರ ಸೀಲು ಹೋಗಿದೆ ಎಂದೇ ಅರ್ಥ. ನೀರು ಬೇರಿಂಗಿಗೆ ನುಗ್ಗದೆ ಹೊರದಾರಿ ಹಿಡಿಯಲಿ, ಗಾಡಿಯವರ ಕಣ್ಣಿಗೂ ಬೀಳಲಿ ಎಂದೇ ಆ ತೂತು ಇರುವುದು.

ನೀರಿಲ್ಲದೆ ಓಡಿದ ಪಂಪಿನ ಸೀಲು ಬಹುಬೇಗ ಹಾಳಾಗುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನ ಹಾನಿ ಮಾಡುವುದು ಬೋರ್‌ವೆಲ್ ನೀರು. ಕೋಲಾರ, ಚಿತ್ರದುರ್ಗದ ಕಡೆ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವ ಗಡಸು ನೀರೇ ರೇಡಿಯೇಟರಿನೊಳಗೂ ಸುಣ್ಣ ಕಟ್ಟುತ್ತದೆ. ಆ ಹರಳು ಸೀಲಿನ ನುಣುಪು ಮುಖಗಳನ್ನು ಗೀರುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವಾಗ ಬಾನೆಟ್ ಎತ್ತಿ, ಹಳ್ಳದ ನೀರು ತಂದು ಸುರಿದು ಮುಂದೆ ಹೊರಟ ಗಾಡಿಗಳಲ್ಲಿ ನೀರಿನ ಜೊತೆ ಮಣ್ಣೂ ಸೇರಿರುತ್ತದೆ. ಅಂಥ ಕಷ್ಟದಲ್ಲಿ ಸಿಕ್ಕ ನೀರು ಹಾಕುವುದು ತಪ್ಪಲ್ಲ. ಊರು ಸೇರಿದ ಮೇಲೂ ಅದನ್ನೇ ಬಿಟ್ಟಿರುವುದು ತಪ್ಪು.

ಕೂಲೆಂಟ್ ಎಂದರೆ ಬರೀ ಬಣ್ಣದ ನೀರಲ್ಲ. ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧ ನೀರನ್ನು ಅರ್ಧಕ್ಕರ್ಧ ಬೆರೆಸಿದರೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ಬೆಂಗಳೂರಿನವರಿಗೆ ಹೆಪ್ಪುಗಟ್ಟುವ ಚಿಂತೆಯಿಲ್ಲ. ಬೇಕಾಗಿರುವುದು ಅದರಲ್ಲಿರುವ ತುಕ್ಕುನಿರೋಧಕಗಳು. ಅವು ಕಾಲಕ್ರಮೇಣ ಸವೆದುಹೋಗುವುದರಿಂದ ಕಂಪನಿ ಹೇಳಿದ ಅವಧಿಗೆ ಕೂಲೆಂಟ್ ಬದಲಿಸಲೇಬೇಕು. ಬೇರೆ ಬೇರೆ ಜಾತಿಯವನ್ನು ಬೆರೆಸಿದರೆ ಕೆಲವೊಮ್ಮೆ ಲೋಳೆಗಟ್ಟುತ್ತದೆ. ರೇಡಿಯೇಟರಿನ ಮುಚ್ಚಳಕ್ಕೂ ಇಲ್ಲಿ ಪಾತ್ರವಿದೆ: ಒಳಗೆ ಸುಮಾರು ಒಂದು ಬಾರ್ ಹೆಚ್ಚುವರಿ ಒತ್ತಡ ಉಳಿಸಿ ಕುದಿಬಿಂದುವನ್ನು ಇನ್ನೂ ಮೇಲೇರಿಸುತ್ತದೆ. ಮುಚ್ಚಳದ ರಬ್ಬರ್ ಸೋತರೆ ಇಂಪೆಲ್ಲರಿನ ಹಿಂದೆ ಆವಿಗುಳ್ಳೆಗಳೆದ್ದು ಒಡೆಯುತ್ತವೆ. ಪ್ರತಿ ಒಡೆತವೂ ಲೋಹವನ್ನು ಕೊರೆಯುತ್ತದೆ. ಕಡಿಮೆ ಬೆಲೆಯ ಆ ಮುಚ್ಚಳದತ್ತ ಯಾರೂ ತಿರುಗಿ ನೋಡದಿರುವುದು ನಿಜಕ್ಕೂ ಬೇಸರದ ಸಂಗತಿ.

ಪಂಪು ಕೆಡುತ್ತಿರುವುದನ್ನು ಕಿವಿಯೂ ಕೈಯೂ ಹಿಡಿಯಬಲ್ಲವು. ಬೇರಿಂಗ್ ಸವೆದರೆ ಗೊರಗೊರ ಸದ್ದು ಬರುತ್ತದೆ. ಎಂಜಿನ್ ಆಫ್ ಮಾಡಿ ಪುಲ್ಲಿಯನ್ನು ಹಿಡಿದು ಅಲ್ಲಾಡಿಸಿದರೆ ಆಟ ಸಿಗುತ್ತದೆ. ಟೆಂಪರೇಚರ್ ಮುಳ್ಳನ್ನು ಮಾತ್ರ ಪೂರ್ತಿ ನಂಬಬಾರದು. ನೀರೆಲ್ಲ ಖಾಲಿಯಾದರೆ ಸೆನ್ಸರ್ ಬರಿಗಾಳಿಯಲ್ಲಿ ಉಳಿದು, ಹೆಡ್ ಕಾದು ಬಾಗುತ್ತಿರುವಾಗಲೂ ಮುಳ್ಳು ಕೆಳಗಿಳಿಯಬಹುದು.

ಬದಲಿಸುವ ಕೆಲಸ ಎಷ್ಟು ಕಷ್ಟ ಎಂಬುದು ಪಂಪನ್ನು ತಿರುಗಿಸುವ ಬೆಲ್ಟ್ ಯಾವುದು ಎಂಬುದರ ಮೇಲೆ ನಿಂತಿದೆ. ಅಂಬಾಸಿಡರಿನಲ್ಲಿ ಎಲ್ಲವೂ ಕಣ್ಣೆದುರೇ: ಫ್ಯಾನ್ ಬೆಲ್ಟು, ಫ್ಯಾನು, ಅದರ ಹಿಂದೆ ಪಂಪು. ಡಸ್ಟರ್ ಡೀಸೆಲ್‌ನ 1.5 ಲೀಟರ್ ಎಂಜಿನ್ನಿನಲ್ಲಾದರೆ ಟೈಮಿಂಗ್ ಬೆಲ್ಟೇ ಪಂಪನ್ನು ತಿರುಗಿಸುತ್ತದೆ. ಅಲ್ಲಿ ಬೇರಿಂಗ್ ಜಾಮ್ ಆದರೆ ಬೆಲ್ಟ್ ಹರಿದು ವಾಲ್ವುಗಳಿಗೆ ಪಿಸ್ಟನ್ ಬಡಿಯುತ್ತದೆ. ಹಾಗಾಗಿ ಇಂಥ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಹಾಕಿಸುವಾಗಲೇ ಟೆನ್ಷನರಿನ ಜೊತೆ ಪಂಪನ್ನೂ ಹೊಸದು ಮಾಡಿಸುವುದು ಜಾಣತನ. ಬಿಚ್ಚಿ ಕಟ್ಟುವ ಕೂಲಿಯೇ ದೊಡ್ಡದು, ಅದನ್ನು ಎರಡು ಸಲ ಏಕೆ ಕೊಡಬೇಕು?

ಹೊರಗಿನ ಬೆಲ್ಟಿನ ಪಂಪಾದರೆ ಎಂಜಿನ್ ಪೂರ್ತಿ ಆರಿದ ಮೇಲೆಯೇ ಕೈಹಾಕಬೇಕು. ಬಿಸಿಯಿರುವಾಗ ಮುಚ್ಚಳ ತೆರೆದರೆ ಮುಖಕ್ಕೆ ಚಿಮ್ಮುವುದು ಕುದಿನೀರು. ಬೆಲ್ಟ್ ತೆಗೆಯುವ ಮೊದಲೇ ಪುಲ್ಲಿಯ ಬೋಲ್ಟುಗಳನ್ನು ಸಡಿಲಿಸಿಕೊಂಡರೆ ಪುಲ್ಲಿ ಸುತ್ತದೆ, ಸ್ಪಾನರಿಗೆ ಹಿಡಿತ ಸಿಗುತ್ತದೆ. ಬಸಿದ ಕೂಲೆಂಟನ್ನು ತೆರೆದ ಬೋಗುಣಿಯಲ್ಲಿ ಬಿಡಬಾರದು. ಗ್ಲೈಕಾಲ್ ಸಿಹಿ, ಅಷ್ಟೇ ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಅಲ್ಯೂಮಿನಿಯಂ ಗೀರದಂತೆ ಕೆರೆದು ತೆಗೆಯಬೇಕು. ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಬಳಿದರೆ ಹೆಚ್ಚಿನದು ಒಳಗೆ ಕಳಚಿಬಿದ್ದು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟಿಸುತ್ತದೆ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬೆಲ್ಟನ್ನು ವಿಪರೀತ ಬಿಗಿದರೆ ಹೊಸ ಬೇರಿಂಗೂ ಬಾಳದು.

ಕೊನೆಗೆ ಗಾಳಿ ತೆಗೆಯುವ ಕೆಲಸ. ಹೊಸ ಪಂಪು ಹಾಕಿದರೂ ಗಾಡಿ ಹೀಟಾಗುತ್ತಿದೆ ಎಂಬ ದೂರಿಗೆ ಎಷ್ಟೋ ಸಲ ಒಳಗೆ ಸಿಕ್ಕಿಕೊಂಡ ಗಾಳಿಯೇ ಕಾರಣ. ಇಂಪೆಲ್ಲರ್ ನೀರನ್ನು ತಳ್ಳುತ್ತದೆ, ಗಾಳಿಯನ್ನು ತಳ್ಳಲಾರದು. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಚಾಲೂ ಮಾಡಬೇಕು. ಬ್ಲೀಡ್ ಸ್ಕ್ರೂ ಇರುವ ಕಾರಿನಲ್ಲಿ ಅದನ್ನು ಸಡಿಲಿಸಬೇಕು. ಎಂಜಿನ್ ಬಿಸಿಯೇರಿ ಥರ್ಮೋಸ್ಟಾಟ್ ತೆರೆಯುವ ಹೊತ್ತಿಗೆ ಗುಳ್ಳೆಗಳು ಮೇಲೆದ್ದು ಮಟ್ಟ ಸರ್ರನೆ ಇಳಿಯುತ್ತದೆ; ಆಗ ಮತ್ತೆ ತುಂಬಿ ಮುಚ್ಚಳ ಹಾಕಬೇಕು. ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ ರಿಸರ್ವ್ ಟ್ಯಾಂಕಿನ ಗುರುತು ನೋಡಿ, ಕಡಿಮೆಯಾಗಿದ್ದಷ್ಟು ಅದೇ ಜಾತಿಯ ಕೂಲೆಂಟ್ ಸೇರಿಸಿದರೆ ಕೆಲಸ ಪೂರ್ತಿಯಾಗುತ್ತದೆ.